ಸತ್ತದ್ದನ್ನಲ್ಲ, ಉಳಿದದ್ದನ್ನು ಎಣಿಸು

ಮಗಳೇ,

ನಿನ್ನ ಪಿಎಚ್‌ಡಿ ವಿಷಯ ಗಟ್ಟಿಯಾಯಿತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. "ಅದೇನೋ ಚಿನ್ನದ ಪುಡಿ ಹಾಕಿ, ಸ್ಕ್ಯಾನಿಂಗ್ ಮಷೀನ್ ಹಿಡಿದು ಕ್ರಿಮಿ ಸಾಯಿಸೋದಂತೆ ಅಕ್ಕಾ" ಅಂದಳು. ನಗಬೇಡ, ಒಂದೇ ಉಸಿರಿನ ವಿವರಣೆಯಾಗಿ ಅದು ಅಷ್ಟೇನೂ ಕೆಟ್ಟದ್ದಲ್ಲ. ಆಮೇಲೆ ನೀನು ಕಳಿಸಿದ ಪ್ರಸ್ತಾವವನ್ನೂ ಓದಿದೆ. ಚಿನ್ನ, ಬೆಳ್ಳಿ, ಟೈಟಾನಿಯಂ ಡೈಆಕ್ಸೈಡಿನ ನ್ಯಾನೊಕಣಗಳು; ಅವುಗಳ ಮೇಲೆ ಅಲ್ಟ್ರಾಸೌಂಡ್; ಎದುರಿಗೆ ಔಷಧಕ್ಕೆ ಬಗ್ಗದ ಸ್ಟಾಫ್ ಮತ್ತು ಸುಡೊಮೊನಾಸ್ ಬ್ಯಾಕ್ಟೀರಿಯಾ. ವಿಷಯ ಚೆನ್ನಾಗಿದೆ, ನಿನ್ನ ಬರವಣಿಗೆಯೂ ಸ್ವಚ್ಛವಾಗಿದೆ. ಆದರೆ ಮೊದಲ ಪುಟದಲ್ಲೇ "ಶೇಕಡಾ 99.9 ಬ್ಯಾಕ್ಟೀರಿಯಾ ನಾಶ" ಅಂತ ಗುರಿ ಬರೆದುಕೊಂಡಿದ್ದೀಯಲ್ಲ, ನನ್ನ ತಕರಾರು ಅಲ್ಲಿಂದಲೇ ಶುರು.

ಲೆಕ್ಕ ಹಾಕಿ ನೋಡು. ರಾತ್ರಿಯಿಡೀ ಬೆಳೆಸಿದ ಒಂದು ಮಿಲಿಲೀಟರ್ ಬ್ರಾತ್‌ನಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಅದರಲ್ಲಿ ಶೇಕಡಾ 99.9 ಸತ್ತರೆ ಉಳಿಯುವವು ಹತ್ತು ಲಕ್ಷ. ಇ. ಕೋಲೈಗೆ ಒಳ್ಳೆಯ ಊಟ, ಹದವಾದ ಬಿಸಿ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಹತ್ತು ಸಲ ಇಮ್ಮಡಿಸಿದರೆ ಸಾವಿರ ಪಟ್ಟು. ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಮತ್ತೆ ನೂರು ಕೋಟಿ! ರೋಗಿಯ ಮೈಯಲ್ಲಿ ಇಷ್ಟು ಬೇಗ ಆಗದು ನಿಜ. ಅಲ್ಲಿ ಬಿಳಿ ರಕ್ತಕಣಗಳ ಕಾಟವಿದೆ, ಊಟಕ್ಕೂ ತತ್ವಾರ. ಆದರೆ ನಿನ್ನ ಟ್ಯೂಬಿನಲ್ಲಿ ಆಗಿಯೇ ಆಗುತ್ತದೆ. ಸೋಪಿನ ಜಾಹೀರಾತಿನವರಿಗೆ 99.9 ದೊಡ್ಡ ಅಂಕಿ. ನಮ್ಮ ವಿಭಾಗದಲ್ಲಿ ಅದನ್ನು ಮೂರು ಲಾಗ್ ಇಳಿಕೆ ಅನ್ನುತ್ತಾರೆ. ಒಂದು ಔಷಧಕ್ಕೆ "ಕೊಲ್ಲುವಂಥದ್ದು" ಅನ್ನುವ ಹೆಸರು ಬರಬೇಕಾದರೆ ದಾಟಬೇಕಾದ ಹೊಸ್ತಿಲು ಅದು, ಅಷ್ಟೆ. ಶೇಕಡಾ ಲೆಕ್ಕ ಬಿಟ್ಟು ಮೊದಲ ದಿನದಿಂದಲೇ ಲಾಗ್‌ನಲ್ಲಿ ಬರೆದುಕೋ. ಗ್ರಾಫು ಅಷ್ಟು ಚಂದ ಕಾಣುವುದಿಲ್ಲ, ಅದೇ ಅದರ ಗುಣ.

ಆಸ್ಪತ್ರೆಯ ಮೈಕ್ರೊಬಯಾಲಜಿ ವಿಭಾಗದಲ್ಲಿ ಪ್ಲೇಟು ಓದುತ್ತಲೇ ತಲೆ ನರೆಸಿಕೊಂಡವಳು ನಾನು. ಎಷ್ಟು ಸತ್ತವು ಅಂತ ನಾವು ಯಾವತ್ತೂ ನೋಡಿದವರಲ್ಲ. ಪ್ಲೇಟಿನ ಮೇಲೆ ಕಾಣುವುದೇ ಉಳಿದವು. ನಿನ್ನ ಕೆಲಸಕ್ಕೆ ನಾನು ಹೇಳಬೇಕಾದ್ದೂ ಇಷ್ಟೇ: ಉಳಿದವು ಎಷ್ಟು, ಎಲ್ಲಿ ಅಡಗಿ ಉಳಿದವು, ಸತ್ತವನ್ನು ಕೊಂದದ್ದು ನಿಜಕ್ಕೂ ಯಾವುದು. ಈ ಮೂರಕ್ಕೆ ಉತ್ತರ ಇಟ್ಟುಕೊಂಡು ನಡೆ.

ಶಬ್ದದಿಂದ ಜೀವ ತೆಗೆಯುವ ಕಥೆ ಹಳೆಯದು, ನಿನ್ನ ಪ್ರಸ್ತಾವದಲ್ಲಿ ಅದು ಇಲ್ಲವೇ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಟುಲೋನ್ ನೌಕಾನೆಲೆಯಲ್ಲಿ ಪಾಲ್ ಲಾಂಜವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಕ್ವಾರ್ಟ್ಜ್ ಹರಳಿನಿಂದ ನೀರಿನೊಳಗೆ ಶಬ್ದ ಹೊರಡಿಸುತ್ತಿದ್ದ. ಆ ಶಬ್ದದ ದಾರಿಗೆ ಈಜಿಬಂದ ಮೀನುಗಳು ಸತ್ತು ತೇಲಿದವು. ನೀರಿಗೆ ಕೈ ಇಟ್ಟವರಿಗೆ ಮೂಳೆಯೊಳಗೆ ಉರಿ. ಇದನ್ನು ಕಣ್ಣಾರೆ ಕಂಡು ಹೋದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಅವನಿಗೆ ಜೊತೆ ಸಿಕ್ಕವನು ಆಲ್ಫ್ರೆಡ್ ಲೂಮಿಸ್ ಎಂಬ ವಾಲ್‌ಸ್ಟ್ರೀಟಿನ ಸಾಹುಕಾರ; ನ್ಯೂಯಾರ್ಕ್ ಹತ್ತಿರದ ಟಕ್ಸಿಡೊ ಪಾರ್ಕಿನಲ್ಲಿ ಸ್ವಂತ ದುಡ್ಡಿನಲ್ಲಿ ಪ್ರಯೋಗಶಾಲೆ ಕಟ್ಟಿಕೊಂಡಿದ್ದ. 1927ರಲ್ಲಿ ಇಬ್ಬರೂ ಸೇರಿ, ಬಲವಾದ ಶಬ್ದಕ್ಕೆ ಕೆಂಪು ರಕ್ತಕಣ ಒಡೆಯುತ್ತದೆ, ಸಣ್ಣ ಮೀನು ಕಪ್ಪೆಗಳು ಸಾಯುತ್ತವೆ ಅಂತ ಪ್ರಕಟಿಸಿದರು. ಎರಡು ವರ್ಷ ಬಿಟ್ಟು, 1929ರಲ್ಲಿ, ನ್ಯೂಟನ್ ಹಾರ್ವೆ ಎಂಬ ಜೀವವಿಜ್ಞಾನಿಯ ಜೊತೆ ಲೂಮಿಸ್ ಮಾಡಿದ್ದು ನಮ್ಮ ಕೆಲಸ. ಕತ್ತಲಲ್ಲಿ ಮಿನುಗುವ ಬ್ಯಾಕ್ಟೀರಿಯಾಗಳ ಮೇಲೆ ಶಬ್ದ ಹಾಯಿಸಿ ಅವುಗಳನ್ನು ನಾಶಮಾಡಿ ತೋರಿಸಿದರು. ಹಾಗಾಗಿ ಅಲ್ಟ್ರಾಸೌಂಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎನ್ನುವುದು ಪೆನಿಸಿಲಿನ್ನಿನ ವಯಸ್ಸಿನ ಸುದ್ದಿ. ಅದನ್ನು "ಇತ್ತೀಚಿನ ಕ್ರಾಂತಿ" ಅಂತ ಬರೆದರೆ ಓದಿಕೊಂಡ ಪರೀಕ್ಷಕರು ಹುಬ್ಬೇರಿಸುತ್ತಾರೆ.

ಹಾಗಾದರೆ ಇಷ್ಟು ದಿನ ಅದು ಆಸ್ಪತ್ರೆಯ ವಾರ್ಡಿಗೆ ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ಗೊತ್ತಾದರೆ ನ್ಯಾನೊಕಣ ಯಾಕೆ ಬೇಕು ಅನ್ನುವುದೂ ಗೊತ್ತಾಗುತ್ತದೆ. ನಾನು ಫಿಸಿಕ್ಸಿನವಳಲ್ಲ, ಆದರೂ ಇಷ್ಟು ನನಗೆ ತಿಳಿಯುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಒಂದು ಮೆಗಾಹರ್ಟ್ಸ್ ಶಬ್ದದ ಅಲೆಯ ಉದ್ದ ಒಂದೂವರೆ ಮಿಲಿಮೀಟರ್. ಸ್ಟಾಫ್ ಗುಂಡಿನ ಅಡ್ಡಳತೆ ಹೆಚ್ಚೆಂದರೆ ಒಂದು ಮೈಕ್ರೊಮೀಟರ್. ಅಲೆ ಅದಕ್ಕಿಂತ ಸಾವಿರದೈನೂರು ಪಟ್ಟು ದೊಡ್ಡದು. ಮಲ್ಪೆಯ ಸಮುದ್ರಕ್ಕೆ ತೆಂಗಿನಕಾಯಿ ಎಸೆದರೆ ಎಷ್ಟೇ ದೊಡ್ಡ ತೆರೆ ಬರಲಿ, ಕಾಯಿ ಒಡೆಯುವುದಿಲ್ಲ, ಏರಿ ಇಳಿಯುತ್ತದೆ ಅಷ್ಟೆ. ಬ್ಯಾಕ್ಟೀರಿಯಾಕ್ಕೂ ಅಷ್ಟೇ. ಶಬ್ದಕ್ಕೆ ಅದು ಕಣ್ಣಿಗೇ ಬೀಳುವುದಿಲ್ಲ.

ಹೊಡೆಯುವುದು ಗುಳ್ಳೆ. ಶಬ್ದದ ಎಳೆತದಲ್ಲಿ ನೀರು ಸೀಳಿ ಸಣ್ಣ ಗುಳ್ಳೆ ಹುಟ್ಟುತ್ತದೆ, ಉಬ್ಬುತ್ತದೆ, ಮರುಕ್ಷಣ ಒತ್ತಡಕ್ಕೆ ಸಿಕ್ಕಿ ಒಳಕ್ಕೆ ಕುಸಿಯುತ್ತದೆ. ಹಡಗಿನ ಪ್ರೊಪೆಲರುಗಳು ಯಾಕೆ ತೂತು ಬೀಳುತ್ತವೆ ಎಂಬ ಪ್ರಶ್ನೆ ಹಿಡಿದು ಲಾರ್ಡ್ ರೇಲೀ ಈ ಕುಸಿತದ ಲೆಕ್ಕವನ್ನು 1917ರಲ್ಲೇ ಹಾಕಿದ್ದ. ಕುಸಿಯುವ ಗುಳ್ಳೆಯ ಹೊಟ್ಟೆಯಲ್ಲಿ ಎಷ್ಟು ಬಿಸಿ ಅಂತ ಅಮೆರಿಕದ ಇಲಿನಾಯ್‌ನಲ್ಲಿ ಕೆನೆತ್ ಸಸ್ಲಿಕ್ 1986ರಲ್ಲಿ ಅಳೆದು ತೋರಿಸಿದರು: ಸುಮಾರು 5000 ಡಿಗ್ರಿ. ಅಷ್ಟು ಬಿಸಿಯಾದರೂ ಚುಕ್ಕಿ ಎಷ್ಟು ಸಣ್ಣದು, ಎಷ್ಟು ಕ್ಷಣಿಕ ಅಂದರೆ ಸುತ್ತಲಿನ ನೀರಿಗೆ ಅದರ ಸುಳಿವೇ ಹತ್ತುವುದಿಲ್ಲ. ಆ ಬಿಸಿಯಲ್ಲಿ ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎ, ಯಾವುದನ್ನೂ ಅದು ಬಿಡುವುದಿಲ್ಲ.

ಶುದ್ಧ ನೀರಿನಲ್ಲಿ ಇಂಥ ಗುಳ್ಳೆ ಎಬ್ಬಿಸಲು ಬೇಕಾದ ಶಕ್ತಿ ಬಲು ಜಾಸ್ತಿ. ಅಷ್ಟು ಶಕ್ತಿಯನ್ನು ರೋಗಿಯ ಮೈಗೆ ಹಾಯಿಸಿದರೆ ಬ್ಯಾಕ್ಟೀರಿಯಾ ಜೊತೆಗೆ ಮಾಂಸವೂ ಬೇಯುತ್ತದೆ, ಒಡೆಯುತ್ತದೆ. ವಾರ್ಡಿಗೆ ಬರದೆ ಉಳಿದದ್ದು ಇದಕ್ಕೇ. ನ್ಯಾನೊಕಣದ ಪ್ರವೇಶ ಇಲ್ಲಿ. ಅದರ ಒರಟು ಮೈಯಲ್ಲಿ, ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಗುಳ್ಳೆ ಅಲ್ಲಿಂದ ಸುಲಭವಾಗಿ ಏಳುತ್ತದೆ, ಕಡಿಮೆ ಶಕ್ತಿ ಸಾಕಾಗುತ್ತದೆ. ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್‌ನಂಥವು ತಾವೂ ಕೈಜೋಡಿಸಿ ಇನ್ನಷ್ಟು ರ‍್ಯಾಡಿಕಲ್ ಹುಟ್ಟಿಸುತ್ತವೆ. ಬೇರಿಯಂ ಟೈಟನೇಟ್‌ನಂಥ ಹರಳುಗಳು ಒತ್ತಿದರೆ ವಿದ್ಯುತ್ ಕೊಡುವ ಜಾತಿ. ಅವಕ್ಕೆ ಶಬ್ದವೇ ಒತ್ತಡ. ಶಬ್ದಕ್ಕೂ ಮೊದಲು ಬೆಳಕಿನಿಂದ ಹೀಗೆ ಕೊಲ್ಲಬಹುದು ಅನ್ನುವುದು ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್‌ಗೆ ಆಕಸ್ಮಿಕವಾಗಿ ಕಂಡು 1900ರಲ್ಲಿ ಪ್ರಕಟವಾದದ್ದು; ಬಣ್ಣ ಬೆರೆತ ನೀರಿನ ಪ್ಯಾರಮೀಸಿಯಂ ಬೆಳಕು ಬಿದ್ದಾಗ ಸಾಯುತ್ತಿತ್ತು. ಬೆಳಕಿನ ಜಾಗದಲ್ಲಿ ಶಬ್ದವನ್ನಿಟ್ಟು ಜಪಾನಿನ ಯುಮಿಟಾ, ಉಮೆಮುರಾ ತಂಡದವರು 1989ರಲ್ಲಿ ಕ್ಯಾನ್ಸರ್ ಕೋಶಗಳ ಮೇಲೆ ಮಾಡಿ ನೋಡಿದರು. ಬೆಳಕು ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿಯುವಷ್ಟರಲ್ಲಿ ಸುಸ್ತು. ಶಬ್ದ ಸೆಂಟಿಮೀಟರುಗಟ್ಟಲೆ ಒಳಹೋಗುತ್ತದೆ. ನೀನು ಬಯಸುವ ಆಳದ ಸೋಂಕಿಗೆ ದಾರಿ ಇದೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ನಿನ್ನ ಪ್ರಸ್ತಾವ ಹಾರಿಸಿಬಿಟ್ಟಿದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ಲಿನ ಆಯುಸ್ಸು ನ್ಯಾನೊಸೆಕೆಂಡುಗಳ ಲೆಕ್ಕದ್ದು. ಹುಟ್ಟಿದಲ್ಲಿಂದ ಕೆಲವು ನ್ಯಾನೊಮೀಟರ್ ದಾಟುವ ಮೊದಲೇ ಯಾವುದಕ್ಕಾದರೂ ಬಡಿದು ಮುಗಿದುಹೋಗುತ್ತದೆ. ಕಣ ಬ್ಯಾಕ್ಟೀರಿಯಾದ ಗೋಡೆಗೆ ಅಂಟಿಕೊಂಡಿದ್ದರೆ ಮಾತ್ರ ಪ್ರಯೋಜನ. ಪಕ್ಕದಲ್ಲಿ ತೇಲುತ್ತಿದ್ದರೆ ಹುಟ್ಟಿದ ರ‍್ಯಾಡಿಕಲ್ ನೀರಿಗೆ ವ್ಯರ್ಥ. ಆದ್ದರಿಂದ ಕಣದ ಗಾತ್ರ 20 ನ್ಯಾನೊಮೀಟರೋ 40ರದ್ದೋ ಅಂತ ಆರು ತಿಂಗಳು ಕಳೆಯುವ ಬದಲು, ಅದರ ಮೇಲ್ಮೈಗೆ ಏನು ಹೊದಿಸುತ್ತೀಯ, ಅದು ಯಾವುದಕ್ಕೆ ಅಂಟುತ್ತದೆ ಅನ್ನುವುದರ ಮೇಲೆ ತಲೆ ಓಡಿಸು. ಬ್ಯಾಕ್ಟೀರಿಯಾದ ಮೈ ಋಣ ವಿದ್ಯುತ್ತಿನದು, ಧನ ವಿದ್ಯುತ್ತಿನ ಕಣ ಅಂಟುತ್ತದೆ, ಸರಿ. ಆದರೆ ನಮ್ಮ ಜೀವಕೋಶದ ಮೈಯೂ ಋಣದ್ದೇ. ಅಂಟು ಯಾವುದಕ್ಕೆ ಹೆಚ್ಚು ಅನ್ನುವುದೇ ಆಟ.

ಕೊಲೆಗಾರ ಯಾರು ಅನ್ನುವ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಲ್ಯಾಬಿನ ಪ್ರೋಬ್ ಸೋನಿಕೇಟರ್ ಬಯೋಕೆಮಿಸ್ಟ್ರಿಯವರು ಪ್ರೋಟೀನ್ ತೆಗೆಯಲು ಬ್ಯಾಕ್ಟೀರಿಯಾ ಒಡೆಯುವ ಅದೇ ಯಂತ್ರ ತಾನೆ? 20 ಕಿಲೊಹರ್ಟ್ಸಿನದು. ಅವರು ಟ್ಯೂಬನ್ನು ಐಸಿನಲ್ಲಿಟ್ಟು, ಕೆಲವು ಸೆಕೆಂಡು ಓಡಿಸಿ ಕೆಲವು ಸೆಕೆಂಡು ಬಿಟ್ಟು ಮಾಡುತ್ತಾರೆ. ಯಾಕೆ? ಒಂದೇ ಸಮ ಓಡಿಸಿದರೆ ಸಣ್ಣ ಟ್ಯೂಬಿನ ನೀರು ನೋಡನೋಡುತ್ತ ಬಿಸಿಯಾಗುತ್ತದೆ. ಇ. ಕೋಲೈ ಸಾಯಲು 60 ಡಿಗ್ರಿ ಸಾಕು. ಟ್ಯೂಬಿನೊಳಗೆ ಥರ್ಮೊಕಪಲ್ ಇಡದೆ "ಅಲ್ಟ್ರಾಸೌಂಡ್ ಕೊಂದಿತು" ಅಂತ ಬರೆದ ಪ್ರಬಂಧವನ್ನು ನಾನಂತೂ ನಂಬುವುದಿಲ್ಲ. ಕಣ ಮಾತ್ರ, ಶಬ್ದ ಮಾತ್ರ, ಎರಡೂ, ಎರಡೂ ಇಲ್ಲದ್ದು: ಈ ನಾಲ್ಕು ಟ್ಯೂಬು ಎಲ್ಲರೂ ಇಡುತ್ತಾರೆ. ಐದನೆಯದು, ಶಬ್ದವಿಲ್ಲದೆ ಅಷ್ಟೇ ಬಿಸಿ ಕೊಟ್ಟ ಟ್ಯೂಬು, ಅದನ್ನು ನೀನು ಇಡು.

ಇನ್ನೂ ಒಂದಿದೆ, ಇದು ಪುಸ್ತಕದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸೋನಿಕೇಟರಿನ ತುದಿ ಟೈಟಾನಿಯಂ ಮಿಶ್ರಲೋಹದ್ದು. ಅದೇ ಗುಳ್ಳೆಗಳು ಆ ತುದಿಯನ್ನೂ ಕೊರೆಯುತ್ತವೆ, ಸವೆದ ಲೋಹದ ಪುಡಿ ಟ್ಯೂಬಿಗೆ ಉದುರುತ್ತದೆ. "ಶಬ್ದ ಮಾತ್ರ" ಅಂತ ಚೀಟಿ ಅಂಟಿಸಿದ ನಿನ್ನ ಟ್ಯೂಬಿನಲ್ಲಿ ಕೇಳದೆ ಬಂದ ಕಣಗಳೂ ಕೂತಿರುತ್ತವೆ! ಟೈಟಾನಿಯಂ ಕಣದ ಮೇಲೇ ಕೆಲಸ ಮಾಡುವವಳಿಗೆ ಇದಕ್ಕಿಂತ ಪೇಚು ಬೇರೆ ಬೇಕೆ? ತುದಿ ನೋಡು, ಬೂದು ಬಣ್ಣಕ್ಕೆ ತಿರುಗಿ ಕಚ್ಚು ಬಿದ್ದಿದ್ದರೆ ಬದಲಾಯಿಸಲು ಹೇಳು. ಸಾಧ್ಯವಾದರೆ ಪ್ರೋಬನ್ನು ದ್ರವದಲ್ಲಿ ಅದ್ದದೆ, ಮುಚ್ಚಿದ ಟ್ಯೂಬಿಗೆ ಹೊರಗಿನಿಂದ ಶಬ್ದ ಹಾಯಿಸುವ ಬಟ್ಟಲು ಮಾದರಿಯದಕ್ಕೆ ಹೋಗು. ಅದರಿಂದ ಇನ್ನೊಂದು ಲಾಭವಿದೆ. ತೆರೆದ ಟ್ಯೂಬಿನಲ್ಲಿ ಪ್ರೋಬ್ ಓಡಿಸಿದರೆ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುತ್ತವೆ. ನಿನ್ನ ಟ್ಯೂಬಿನಲ್ಲಿರುವುದು ಹಾಲು ಹೆಪ್ಪಾಗಿಸುವ ಬ್ಯಾಕ್ಟೀರಿಯಾ ಅಲ್ಲ, ಆಸ್ಪತ್ರೆಯಿಂದ ತಂದ ಸುಡೊಮೊನಾಸ್. ಅದನ್ನು ಉಸಿರಿನೊಳಗೆ ಎಳೆದುಕೊಂಡು ಡಾಕ್ಟರೇಟ್ ಪಡೆಯುವುದು ಬೇಡ. ಬಯೋಸೇಫ್ಟಿ ಕ್ಯಾಬಿನೆಟ್ಟಿನಲ್ಲೇ ಮಾಡು, ಕಿವಿಗೆ ಮಫ್ ಹಾಕಿಕೋ. ಆ ಕೀರಲು ಕೇಳಿಸದವರ ಹಾಗೆ ಸಹಿಸುವ ಹುಡುಗರನ್ನು ಧೈರ್ಯವಂತರು ಅಂತ ತಿಳಿಯಬೇಡ.

ಎಣಿಕೆಯಲ್ಲೂ ಮೋಸವಿದೆ. ಸ್ಟಾಫ್ ದ್ರಾಕ್ಷಿ ಗೊಂಚಲಿನ ಹಾಗೆ ಗುಂಪಾಗಿರುವ ಪ್ರಾಣಿ. ಗುಂಪು ಒಂದೇ ಕಡೆ ಬಿದ್ದರೆ ಪ್ಲೇಟಿನ ಮೇಲೆ ಒಂದೇ ಕಾಲೊನಿ. ಮೆಲ್ಲನೆಯ ಅಲ್ಟ್ರಾಸೌಂಡ್ ಮೊದಲು ಈ ಗುಂಪುಗಳನ್ನು ಬಿಡಿಸುತ್ತದೆ, ಕಾಲೊನಿ ಲೆಕ್ಕ ಇಳಿಯುವ ಬದಲು ಏರುತ್ತದೆ. ಮೊದಲ ನಿಮಿಷದ ಅಂಕಿ ನೋಡಿ ನೀನು ಗಾಬರಿಯಾಗಿ ಫೋನ್ ಮಾಡುತ್ತೀಯ ಅಂತ ಈಗಲೇ ಹೇಳಿಟ್ಟಿದ್ದೇನೆ. ತಿರುಗುಮುರುಗೂ ಆಗುತ್ತದೆ: ನ್ಯಾನೊಕಣಗಳು ಬ್ಯಾಕ್ಟೀರಿಯಾಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡುತ್ತವೆ, ನೂರು ಜೀವ ಒಂದು ಕಾಲೊನಿಯಾಗಿ ಕಾಣುತ್ತದೆ, ನೀನು ಎರಡು ಲಾಗ್ ಸತ್ತವು ಅಂತ ಬರೆದುಕೊಳ್ಳುತ್ತೀಯ. ಮೈಕ್ರೊಸ್ಕೋಪಿನಡಿ ಇಟ್ಟು ನೋಡದೆ ಪ್ಲೇಟನ್ನು ನಂಬಬೇಡ. ಪ್ಲೇಟುಗಳನ್ನು 24 ಗಂಟೆಗೇ ಎಸೆಯಲೂ ಬೇಡ. ಪೆಟ್ಟು ತಿಂದ ಬ್ಯಾಕ್ಟೀರಿಯಾ ಚೇತರಿಸಿಕೊಂಡು ಕಾಲೊನಿಯಾಗಲು ಮತ್ತೊಂದು ದಿನ ಬೇಕಾಗಬಹುದು.

ಈಗ ನನಗೆ ತುಂಬ ಇಷ್ಟವಾದ ಒಂದು ಅಧ್ಯಯನದ ವಿಷಯ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಟ್ರಾಂಪುಜ್ ಮತ್ತವರ ತಂಡದವರು, ತೆಗೆದುಹಾಕಿದ ಕೃತಕ ಮಂಡಿ ಮತ್ತು ಸೊಂಟದ ಕೀಲುಗಳನ್ನು ಡಬ್ಬಿಯಲ್ಲಿಟ್ಟು, ದ್ರವ ತುಂಬಿ, 40 ಕಿಲೊಹರ್ಟ್ಸಿನ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ ಅಲುಗಿಸಿದರು. ಆ ದ್ರವವನ್ನು ಕಲ್ಚರ್ ಹಾಕಿದರು. ಮಾಂಸದ ತುಣುಕು ಕಲ್ಚರ್ ಮಾಡುವ ಹಳೆಯ ರೀತಿಯಲ್ಲಿ ಸೋಂಕು ಸಿಕ್ಕುತ್ತಿದ್ದುದು ಶೇಕಡಾ 60.8 ರೋಗಿಗಳಲ್ಲಿ; ಹೀಗೆ ಅಲುಗಿಸಿದಾಗ ಶೇಕಡಾ 78.5. 2007ರಲ್ಲಿ ಪ್ರಕಟವಾಯಿತು. ಗಮನಿಸಿದೆಯಾ? ಅಲ್ಲಿ ಅಲ್ಟ್ರಾಸೌಂಡ್ ಬಳಸಿದ್ದು ಬ್ಯಾಕ್ಟೀರಿಯಾ ಕೊಲ್ಲಲು ಅಲ್ಲ, ಲೋಹಕ್ಕೆ ಕಚ್ಚಿಕೊಂಡವನ್ನು ಜೀವಂತವಾಗಿ ಬಿಡಿಸಿಕೊಳ್ಳಲು. ಅಕ್ಕಸಾಲಿಗನ ಅಂಗಡಿಯಲ್ಲಿ ಒಡವೆ ತೊಳೆಯುವ ತೊಟ್ಟಿಯೂ ಇದೇ ಜಾತಿಯದು. ಕ್ಲಿನಿಕ್ಕುಗಳಲ್ಲಿ ಉಪಕರಣಗಳನ್ನು ಅದರಲ್ಲಿ ತೊಳೆದು, ಆಮೇಲೆ 121 ಡಿಗ್ರಿಯ ಆಟೋಕ್ಲೇವಿಗೆ ಹಾಕುತ್ತಾರೆ. ತೊಟ್ಟಿಯಿಂದ ತೆಗೆದದ್ದು ಸ್ವಚ್ಛ, ಸ್ಟೆರೈಲ್ ಅಲ್ಲ. ಶಬ್ದ ಒಂದೇ ಇದ್ದರೆ ಅದು ಬಿಡಿಸುತ್ತದೆ, ಹರಡುತ್ತದೆ. ರೋಗಿಯ ಮೈಯೊಳಗೆ ಹೀಗೆ ಬಿಡಿಸಿ ಕೊಲ್ಲದೆ ಬಿಟ್ಟರೆ ಆ ಬ್ಯಾಕ್ಟೀರಿಯಾ ಎಲ್ಲಿಗೆ ಹೋಗುತ್ತವೆ? ರಕ್ತಕ್ಕೆ. ನಿನ್ನ ಪ್ರಬಂಧದ ಎದೆ ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ. ಎಷ್ಟು ಶಬ್ದಕ್ಕೆ ಬಿಡಿಸುವ ಕೆಲಸ ಮುಗಿದು ಕೊಲ್ಲುವ ಕೆಲಸ ಶುರುವಾಗುತ್ತದೆ, ಕಣ ಸೇರಿದರೆ ಆ ಗಡಿ ಎಷ್ಟು ಕೆಳಗಿಳಿಯುತ್ತದೆ. ಇದೊಂದನ್ನು ಸರಿಯಾಗಿ ಅಳೆದರೂ ಸಾಕು.

ಕಚ್ಚಿಕೊಂಡವು ಅಂದೆನಲ್ಲ, ಬಯೋಫಿಲ್ಮ್. ಬಚ್ಚಲ ಕಲ್ಲಿನ ಲೋಳೆ, ಬೆಳಿಗ್ಗೆ ಹಲ್ಲಿನ ಮೇಲೆ ನಾಲಿಗೆಗೆ ಸಿಗುವ ಪದರ, ಮೂತ್ರದ ಕ್ಯಾತಿಟರಿನ ಒಳಮೈ, ಎಲ್ಲ ಅದೇ. ತಾವೇ ಸ್ರವಿಸಿದ ಲೋಳೆಯೊಳಗೆ ಕೂತ ಬ್ಯಾಕ್ಟೀರಿಯಾಗೆ ತೇಲುವವಕ್ಕಿಂತ ನೂರು, ಕೆಲವೊಮ್ಮೆ ಸಾವಿರ ಪಟ್ಟು ಆಂಟಿಬಯೋಟಿಕ್ ಬೇಕಾಗುತ್ತದೆ. ಒಳಗಿನ ಪದರಗಳಲ್ಲಿ ಕೆಲವು ಅರೆನಿದ್ದೆಯಲ್ಲಿರುತ್ತವೆ. ಬೆಳೆಯುತ್ತಿರುವವನ್ನು ಮಾತ್ರ ಹೊಡೆಯುವ ಔಷಧ ಅವುಗಳನ್ನು ಮುಟ್ಟುವುದೇ ಇಲ್ಲ. ದಂತವೈದ್ಯರು ಸ್ಕೇಲರ್ ಹಿಡಿದು ಹಲ್ಲು ಕ್ಲೀನ್ ಮಾಡುವಾಗ ಅಲ್ಟ್ರಾಸೌಂಡಿನಿಂದ ಬಯೋಫಿಲ್ಮನ್ನೇ ಕೆರೆಯುತ್ತಿರುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ವಿಲಿಯಂ ಪಿಟ್ ಮತ್ತವರ ಜೊತೆಯವರು ಮೆಲ್ಲನೆಯ ಅಲ್ಟ್ರಾಸೌಂಡನ್ನು ಜೆಂಟಾಮೈಸಿನ್ ಜೊತೆ ಕೊಟ್ಟು ನೋಡಿದರು. ಶಬ್ದ ತಾನಾಗಿ ಏನೂ ಕೊಲ್ಲದ ಮಟ್ಟದಲ್ಲೂ ಔಷಧದ ಪೆಟ್ಟು ಜೋರಾಯಿತು. ಹಳೆಯ ಔಷಧಕ್ಕೆ ಹೊಸ ಹಲ್ಲು ಬಂದ ಹಾಗೆ. ನಿನ್ನ ಪ್ರಸ್ತಾವದಲ್ಲಿ "ಆಂಟಿಬಯೋಟಿಕ್ ಇಲ್ಲದ ಚಿಕಿತ್ಸೆ" ಅಂತ ಇದೆ. ಯಾಕಿಷ್ಟು ಹಟ? ಇಪ್ಪತ್ನಾಲ್ಕು ಗಂಟೆ ಬೆಳೆದ ಬಯೋಫಿಲ್ಮಿನ ಮೇಲೆ ಕಣ, ಶಬ್ದ, ಜೆಂಟಾಮೈಸಿನ್ ಮೂರನ್ನೂ ಸೇರಿಸಿ ನೋಡು. ವೈದ್ಯರು ಒಪ್ಪಿಕೊಳ್ಳುವ ದಾರಿ ಅದು. ಔಷಧ ಬಿಟ್ಟುಬಿಡಿ ಅಂದರೆ ಯಾವ ಸರ್ಜನ್ನೂ ನಿನ್ನ ಮಾತು ಪೂರ್ತಿ ಕೇಳುವುದಿಲ್ಲ.

ಔಷಧಗಳ ಸ್ಥಿತಿ ನಿನಗೆ ಹೇಳಬೇಕಾಗಿಲ್ಲ. 2019ರಲ್ಲಿ ಜಗತ್ತಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೇರವಾಗಿ ಬಲಿತೆಗೆದುಕೊಂಡವರು 12.7 ಲಕ್ಷ ಜನ ಅಂತ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜು. ಐಸಿಯುವಿನಿಂದ ಬಂದ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳ ರಿಪೋರ್ಟಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಆರ್, ಆರ್, ಆರ್ (ರೆಸಿಸ್ಟೆಂಟ್, ಔಷಧ ನಾಟುವುದಿಲ್ಲ) ಅಂತ ಬರೆದು, ಕೊನೆಗೆ ಕಿಡ್ನಿಗೆ ಪೆಟ್ಟು ಕೊಡುವ ಕೊಲಿಸ್ಟಿನ್ ಒಂದರ ಮುಂದೆ ಗುರುತು ಹಾಕಿ ಕಳಿಸುವಾಗ ಕೈ ತಡೆಯುತ್ತದೆ. ಕೆಲವು ಆಂಟಿಬಯೋಟಿಕ್‌ಗಳು ಚೀಟಿಯಿಲ್ಲದೆ ಮಾರಾಟವಾಗಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಅಂತ ಶೆಡ್ಯೂಲ್ ಎಚ್1 2014ರಿಂದ ಜಾರಿಯಲ್ಲಿದೆ. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಅದು ಎಷ್ಟು ನಡೆಯುತ್ತದೆ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು.

ಈ ಹತಾಶೆಯಿಂದಲೇ ಒಂದು ವಾಕ್ಯ ಎಲ್ಲರ ಪ್ರಬಂಧಕ್ಕೂ ನುಸುಳುತ್ತದೆ: "ನ್ಯಾನೊಕಣಗಳಿಗೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳಲಾರದು." ನಿನ್ನದರಲ್ಲಿ ಮೂರನೆಯ ಪುಟದಲ್ಲಿದೆ. ಹೊಡೆದುಹಾಕು. ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಯ ನೈಟ್ರೇಟಿಗೂ ಜಗ್ಗದ ಸಾಲ್ಮೊನೆಲ್ಲಾ 1975ರಲ್ಲೇ ವರದಿಯಾಗಿದೆ. 2018ರಲ್ಲಿ ಚೆಕ್ ದೇಶದ ಓಲೊಮೌಟ್ಸ್‌ನ ವಿಜ್ಞಾನಿಗಳು ಇನ್ನೂ ಸೊಗಸಾದದ್ದನ್ನು ಕಂಡರು. ಸಾಯದಷ್ಟು ಪ್ರಮಾಣದ ಬೆಳ್ಳಿ ನ್ಯಾನೊಕಣವನ್ನು ಮತ್ತೆ ಮತ್ತೆ ಎದುರಿಸಿದ ಇ. ಕೋಲೈ ತನ್ನ ಬಾಲದ ಪ್ರೋಟೀನಾದ ಫ್ಲಾಜೆಲಿನ್ನನ್ನು ಸುರಿಸಿ, ಕಣಗಳನ್ನು ಮುದ್ದೆಗಟ್ಟಿಸಿ ನಿಷ್ಕ್ರಿಯ ಮಾಡಿತು. ಜೀನ್ ಕೂಡ ಬದಲಾಗಬೇಕಾಗಲಿಲ್ಲ. ಆ ಪ್ರೋಟೀನು ತಯಾರಾಗದಂತೆ ತಡೆಯಲು ಅವರು ಬಳಸಿದ್ದು ದಾಳಿಂಬೆ ಸಿಪ್ಪೆಯ ಸಾರ, ಮಗಳೇ! ನಮ್ಮಜ್ಜಿ ಭೇದಿಗೆ ಅರೆದು ಕೊಡುತ್ತಿದ್ದ ಸಿಪ್ಪೆ. ಇದನ್ನು ಕೇಳಿ ನಮ್ಮ ಪೂರ್ವಜರಿಗೆ ನ್ಯಾನೊವಿಜ್ಞಾನ ಗೊತ್ತಿತ್ತು ಅಂತ ಹೇಳುವವರು ನಿನಗೆ ಸಿಗುತ್ತಾರೆ, ಅವರ ಜೊತೆ ವಾದಕ್ಕೆ ಇಳಿದು ಸಮಯ ಹಾಳುಮಾಡಿಕೊಳ್ಳಬೇಡ. ಆದರೆ ಉಳಿದ ಬ್ಯಾಕ್ಟೀರಿಯಾಗಳನ್ನು ಎತ್ತಿ ಬೆಳೆಸಿ, ಮತ್ತೆ ಅದೇ ಕಣ ಅದೇ ಶಬ್ದಕ್ಕೆ ಒಡ್ಡಿ, ಮತ್ತೆ ಬೆಳೆಸಿ, ಇಪ್ಪತ್ತು ಸುತ್ತು ನೋಡು. ಬೇಸರದ ಕೆಲಸ. ಅದಕ್ಕೇ ಹೆಚ್ಚಿನವರು ಮಾಡುವುದಿಲ್ಲ.

ಟ್ಯೂಬಿನಲ್ಲಿ ಗೆದ್ದದ್ದು ರಕ್ತದಲ್ಲಿ ಸೋಲುವುದಕ್ಕೂ ತಯಾರಾಗಿರು. ಉಪ್ಪುನೀರಿನಲ್ಲಿ ಬೆಳ್ಳಿ ಕಣ ಚುರುಕಾಗಿ ಕಂಡರೂ, ಸೀರಂ ಸೇರಿಸಿದ ತಕ್ಷಣ ಪ್ರೋಟೀನುಗಳು ಅದರ ಮೈಗೆ ಪದರವಾಗಿ ಕವಿಯುತ್ತವೆ, ಗಂಧಕವಿರುವ ಅಣುಗಳು ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ರಕ್ತಕ್ಕೆ ಹೋದ ಕಣಗಳಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳಲ್ಲಿ ಹೋಗಿ ಕೂರುತ್ತವೆ. ಮೊದಲ ವರ್ಷದಲ್ಲೇ ಸೀರಂ ಬೆರೆಸಿ ನೋಡಿಬಿಡು. ಮೂರನೆಯ ವರ್ಷದಲ್ಲಿ ಗೊತ್ತಾದರೆ ಅಳು ಬರುತ್ತದೆ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾವನ್ನು ಚೂರು ಮಾಡಿದಾಗ ಅದರ ಹೊರಪದರದ ಎಂಡೊಟಾಕ್ಸಿನ್ ಹೊರಬೀಳುತ್ತದೆ, ಜ್ವರಕ್ಕೂ ಸೆಪ್ಟಿಕ್ ಶಾಕಿಗೂ ಕಾರಣವಾಗುವ ವಸ್ತು ಅದು. ಕೊಂದಾದ ಮೇಲೆ ಹೆಣ ಏನು ಮಾಡುತ್ತದೆ ಅಂತಲೂ ಅಳೆಯಬೇಕು. ಸ್ಟಾಫ್ ಉಗುಳುವ ವಿಷಕ್ಕೆ ಒಂದು ಉಪಾಯವನ್ನು ಸ್ಯಾನ್ ಡಿಯೇಗೊದಲ್ಲಿ ಲಿಯಾಂಗ್‌ಫಾಂಗ್ ಝಾಂಗ್ ತಂಡ 2013ರಲ್ಲಿ ತೋರಿಸಿತು: ನ್ಯಾನೊಕಣಕ್ಕೆ ಕೆಂಪು ರಕ್ತಕಣದ ಪೊರೆ ಹೊದಿಸಿದರೆ, ರಕ್ತಕಣವೆಂದು ಭ್ರಮಿಸಿ ವಿಷ ಅದಕ್ಕೇ ಹೋಗಿ ಅಂಟುತ್ತದೆ. ಚೀನಾದ ಪ್ರಯೋಗಾಲಯಗಳಲ್ಲಿ ಇದೇ ಪೊರೆ ಹೊದಿಸಿದ, ಶಬ್ದಕ್ಕೆ ಕೆರಳುವ ಕಣಗಳನ್ನು ಪ್ರಾಣಿಗಳ ಮೂಳೆಸೋಂಕಿನ ಮೇಲೆ ಪ್ರಯತ್ನಿಸಿದ್ದಾರೆ. ಆ ಪ್ರಬಂಧಗಳನ್ನು ಬಿಡದೆ ಓದು.

ಊರಿಗೆ ಬಂದಾಗ ನೆಂಟರು ಹಿಡಿದುಕೊಳ್ಳುತ್ತಾರೆ. ಬೆಳ್ಳಿ ನೀರು ಕುಡಿದರೆ ಇಮ್ಯೂನಿಟಿ ಬರುತ್ತಂತೆ, ನೀನು ಅದರಲ್ಲೇ ಓದ್ತಿದ್ದೀಯಲ್ಲ, ಒಂದು ಬಾಟಲಿ ತಂದುಕೊಡು ಅನ್ನುತ್ತಾರೆ. ಸೌಜನ್ಯಕ್ಕೂ ತಲೆಯಾಡಿಸಬೇಡ. ಬೆಳ್ಳಿ ದ್ರಾವಣವನ್ನು ಕುಡಿಯುತ್ತ ಬಂದವರ ಚರ್ಮ ನೀಲಿಬೂದು ಬಣ್ಣಕ್ಕೆ ತಿರುಗಿ ಹಾಗೇ ಉಳಿದ ದಾಖಲೆಗಳಿವೆ. ಅಮೆರಿಕದ ಎಫ್‌ಡಿಎ 1999ರಲ್ಲೇ ಇಂಥ ಬಾಟಲಿಗಳನ್ನು ಸುರಕ್ಷಿತವೂ ಅಲ್ಲ ಪರಿಣಾಮಕಾರಿಯೂ ಅಲ್ಲ ಎಂದು ತಳ್ಳಿಹಾಕಿತು. ಸುಟ್ಟಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿ ಬೆಳ್ಳಿ ಇರುವುದು ಬೇರೆ ಮಾತು, ಅದು ಗಾಯದ ಮೇಲಕ್ಕೆ. ಹಾಗೇ, ಮಂಡಿನೋವಿಗೆ ಫಿಸಿಯೊಥೆರಪಿಯಲ್ಲಿ ಇಡುವ ಅಲ್ಟ್ರಾಸೌಂಡ್, ಬಸುರಿಯರ ಸ್ಕ್ಯಾನಿಂಗು, ಇವು ಯಾವುವೂ ಸೋಂಕಿನ ಚಿಕಿತ್ಸೆಯಲ್ಲ ಅಂತ ನಿಮ್ಮಮ್ಮನಿಗೂ ಬಿಡಿಸಿ ಹೇಳು. ಅವಳು ಆಗಲೇ ವಠಾರಕ್ಕೆಲ್ಲ ಸುದ್ದಿ ಮಾಡಿದ್ದಾಳೆ.

ಇನ್ನೊಂದು ಕೆಲಸ. ನಿಮ್ಮ ಬೆಂಗಳೂರಿನಲ್ಲಿ ಕಣ ಮಾಡುವವರಿಗೆ ಬರವಿಲ್ಲ, ಸಿ.ಎನ್.ಆರ್. ರಾವ್ ಅವರು ಜಕ್ಕೂರಿನ ಸಂಸ್ಥೆ ಕಟ್ಟಿದ್ದು 1989ರಲ್ಲಿ, ಅಲ್ಲಿಂದೀಚೆಗೆ ಎರಡು ತಲೆಮಾರು ಅದರಲ್ಲೇ ಪಳಗಿದೆ. ಕಣ ಮಾಡುವವರು ಕೀವು ನೋಡಿರುವುದಿಲ್ಲ, ಕೀವು ನೋಡುವವರು ಕಣದ ಗೊಡವೆಗೆ ಹೋಗುವುದಿಲ್ಲ. ನೀನು ಮೂಳೆ ವಿಭಾಗದ ಓಪಿಡಿಯಲ್ಲಿ ಹೋಗಿ ಕೂತುಕೋ. ಅಪಘಾತದಲ್ಲಿ ಕಾಲು ಮುರಿದು ರಾಡು ಹಾಕಿಸಿಕೊಂಡು, ತಿಂಗಳುಗಟ್ಟಲೆ ಕೀವು ಸೋರುತ್ತ, ಮೂರನೆಯ ಸಲ ಆಪರೇಷನ್ನಿಗೆ ಬಂದವರು ಅಲ್ಲಿರುತ್ತಾರೆ. ಸರ್ಜನ್ನರನ್ನು ಕೇಳು: ಸೋಂಕು ಚರ್ಮದಿಂದ ಎಷ್ಟು ಆಳದಲ್ಲಿದೆ, ಮಧ್ಯೆ ಮೂಳೆ ಅಡ್ಡ ಇದೆಯೇ, ಲೋಹ ಎಷ್ಟು ದಪ್ಪ. ಮೂಳೆ ಶಬ್ದವನ್ನು ನುಂಗಿ ಬಿಸಿಯಾಗುತ್ತದೆ, ಲೋಹ ವಾಪಸು ಎಸೆಯುತ್ತದೆ. ಆ ಉತ್ತರಗಳನ್ನು ಇಟ್ಟುಕೊಂಡು ಶಬ್ದದ ಆವೃತ್ತಿಯನ್ನು ಆರಿಸು. ಯಂತ್ರದಲ್ಲಿ ಯಾವ ಗುಂಡಿ ಇದೆಯೋ ಅದನ್ನು ಒತ್ತುವುದಲ್ಲ.

ತೆಗೆದುಹಾಕಿದ ರಾಡು, ಸ್ಕ್ರೂಗಳನ್ನು ನಿನಗೆ ಕೊಡಲು ಅವರು ಒಪ್ಪಬಹುದು, ಸಾಮಾನ್ಯವಾಗಿ ಅವು ಕಸಕ್ಕೇ ಹೋಗುವಂಥವು. ಲ್ಯಾಬಿನಲ್ಲಿ ಬೆಳೆಸಿದ ಬಯೋಫಿಲ್ಮಿಗೂ ಮನುಷ್ಯನ ಮೈಯಿಂದ ಬಂದದ್ದಕ್ಕೂ ಇರುವ ಅಂತರ ಅವುಗಳ ಮೇಲೆ ನಿನ್ನ ಕಣ್ಣಿಗೇ ಕಾಣುತ್ತದೆ. ಆದರೆ ಅದಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ, ರೋಗಿಯ ಸಹಿ ಬೇಕು. ಕಮಿಟಿ ಸೇರುವುದೇ ಅಪರೂಪಕ್ಕೆ. ಒಂದು ಸಹಿ ಬಿಟ್ಟುಹೋದರೂ ಅರ್ಜಿ ಮುಂದಿನ ಸಭೆಗೆ. ನಿನ್ನ ಗೈಡ್ ಬೇಸಿಗೆಯಲ್ಲಿ ವಿದೇಶಕ್ಕೆ ಹೋಗುತ್ತಾರೆ ಅಂದಿದ್ದೆಯಲ್ಲ, ಅವರು ವಿಮಾನ ಹತ್ತುವ ಮೊದಲೇ ಅರ್ಜಿಗೆ ಸಹಿ ಹಾಕಿಸಿಕೋ. ಕರಡು ನನಗೆ ಕಳಿಸು, ನೋಡಿಕೊಡುತ್ತೇನೆ.

ನಿನ್ನ ದೊಡ್ಡಮ್ಮ